ಸಾಬೂನಿನ ಹದ

ಅಡುಗೆಮನೆಯಲ್ಲಿ ‘ಹದ’ ಎಂಬ ಮಾತಿಗಿರುವ ಗೌರವ ಗಡಿಯಾರಕ್ಕೂ ಇಲ್ಲ, ತಕ್ಕಡಿಗೂ ಇಲ್ಲ. ಮೈಸೂರುಪಾಕು ಮಾಡಬಲ್ಲವರು ಸಕ್ಕರೆಯ ಪಾಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿ, ಎಳೆ ಬಂದಿತೆಂದು ಕಂಡ ಮೇಲೆಯೇ ಕಡಲೆಹಿಟ್ಟನ್ನು ಸುರಿಯುವರು. ತುಸು ಮೊದಲಾದರೆ ಅಂಟು, ತುಸು ತಡವಾದರೆ ಕಲ್ಲು. ಈ ಊರಿನ ಹೆಸರನ್ನು ಹೊತ್ತು ದೇಶಾಂತರಗಳಿಗೆ ಹೋದ ಇನ್ನೊಂದು ಪದಾರ್ಥವೆಂದರೆ ಗಂಧದ ಸಾಬೂನು. ಅದೂ ಕೊಪ್ಪರಿಗೆಯಲ್ಲಿ ಬೆಂದು ಬರುವ ವಸ್ತುವೇ, ಅದಕ್ಕೂ ಹದವುಂಟು. ಸಾಬೂನಿಗೆ ಬೆರೆತ ಗಂಧದ ಚರಿತ್ರೆಯನ್ನು ಹೇಳಿದವರು ಬಹಳ ಮಂದಿ. ಸಾಬೂನಿನದೇ ಚರಿತ್ರೆ, ಎಂದರೆ ಅದು ಕೊಪ್ಪರಿಗೆಯಲ್ಲಿ ಏಕೆ ಒಮ್ಮೆ ಗಟ್ಟಿಯಾಗುತ್ತದೆ, ಏಕೆ ಒಮ್ಮೆ ಹರಿಯುತ್ತದೆ ಎಂಬ ಪ್ರಶ್ನೆಯ ಚರಿತ್ರೆ, ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಅದನ್ನು ಇಂದು ತಮ್ಮ ಮುಂದಿಡಬೇಕೆಂದು ನನ್ನ ಆಸೆ.

ಗಂಧದ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸೋಣ. 1914ರ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಹರಾಜಾಗಿ ಯೂರೋಪಿಗೆ, ಅದರಲ್ಲಿಯೂ ಹೆಚ್ಚಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದುವು. ಯುದ್ಧ ಬಂದಿತು, ಕೊಳ್ಳುವವರಿಲ್ಲದೆ ಕೊರಡು ಇಲ್ಲಿಯೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನಗಿರಿ ಸರ್ ಎಂ. ವಿಶ್ವೇಶ್ವರಯ್ಯನವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916-17ರಲ್ಲಿ ಮೊದಲು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ, ಬಳಿಕ ನಮ್ಮ ಮೈಸೂರಿನಲ್ಲಿ ದೊಡ್ಡದಾಗಿ, ಶ್ರೀಗಂಧದೆಣ್ಣೆಯ ಕಾರ್ಖಾನೆ ನಡೆಯತೊಡಗಿತು. ಎಣ್ಣೆ ಕೈಗೆ ಬಂದ ಮೇಲೆ ಸಾಬೂನಿನ ಯೋಚನೆ. ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದರು. ಬೆಂಗಳೂರಿನ ಸರ್ಕಾರಿ ಸಾಬೂನಿನ ಕಾರ್ಖಾನೆ 1918ರಲ್ಲಿ ಆರಂಭವಾಯಿತು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಹೊದಿಕೆ, ಆನೆಯ ತಲೆ ಸಿಂಹದ ಮೈಯುಳ್ಳ ಶರಭದ ಲಾಂಛನ. ಎರಡು ಸ್ವಭಾವಗಳನ್ನು ಒಂದೇ ದೇಹದಲ್ಲಿ ಹೊತ್ತ ಈ ಪ್ರಾಣಿ ಸಾಬೂನಿಗೆ ಎಷ್ಟು ಒಪ್ಪುತ್ತದೆಯೆಂಬುದು ಅದನ್ನು ಆರಿಸಿದವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಕೊಪ್ಪರಿಗೆಯ ಬಳಿಗೆ ಹೋಗೋಣ. ಆ ಕಾಲದ ದೊಡ್ಡ ಕಾರ್ಖಾನೆಗಳಲ್ಲಿ, ಲಂಡನ್ನಾಗಲಿ ಮಾರ್ಸೇಲ್ಸ್ ಆಗಲಿ, ಸಾಬೂನು ಕಾಯಿಸುವ ಕ್ರಮ ಬಹುಮಟ್ಟಿಗೆ ಒಂದೇ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರನ್ನು ಬೆರೆಸಿ ಹಬೆಯಿಂದ ಕುದಿಸುವರು. ಎಣ್ಣೆ ಒಡೆದು ಒಂದು ಕಡೆ ಸಾಬೂನು, ಇನ್ನೊಂದು ಕಡೆ ಗ್ಲಿಸರಿನ್ ಆಗುತ್ತದೆ. ಆಮೇಲೆ ಉಪ್ಪು ಹಾಕುವರು. ಸಾಬೂನು ಮೊಸರು ಒಡೆದಂತೆ ಗರಣೆಗಟ್ಟಿ ಮೇಲೆ ತೇಲುತ್ತದೆ, ಗ್ಲಿಸರಿನ್ ಕೂಡಿದ ಉಪ್ಪುನೀರು ಕೆಳಗಿಳಿಯುತ್ತದೆ. ಅದನ್ನು ಬಸಿದು ತೆಗೆದು, ಕೊನೆಗೆ ನೀರು ಸೇರಿಸಿ ಹದಕ್ಕೆ ತಂದು, ದಿನಗಟ್ಟಲೆ ನೆಲೆಸಲು ಬಿಡುವರು. ಮೇಲೆ ನಿಲ್ಲುವ ನಯವಾದ ಬಿಸಿ ಸಾಬೂನಿನಲ್ಲಿ ನೂರಕ್ಕೆ ಸುಮಾರು 30 ಭಾಗ ನೀರಿರುತ್ತದೆ. ಅದು ಕೊಳಾಯಿಯಲ್ಲಿ ಹರಿಯುತ್ತದೆ.

ಇಲ್ಲೊಂದು ಒಗಟು. ಆ ನಯವಾದ ಸಾಬೂನಿಗೆ ಇನ್ನಷ್ಟು ನೀರು ಬೆರೆಸಿದರೆ ಅದು ಇನ್ನೂ ತೆಳುವಾಗಬೇಕು ತಾನೆ? ಆಗುವುದಿಲ್ಲ. ಸಾಬೂನು ನೀರು ಹೆಚ್ಚುಕಡಮೆ ಅರ್ಧರ್ಧ ಆಗುವ ಹೊತ್ತಿಗೆ ಕೊಪ್ಪರಿಗೆಯಲ್ಲಿರುವುದೆಲ್ಲ ಅಂಟಂಟಾದ ಬಿರುಸು ಮುದ್ದೆಯಾಗುತ್ತದೆ. ಹಬೆ ನುಗ್ಗದು, ಕೋಲು ಅಲ್ಲಾಡದು. ಮುದ್ದೆ ಬಿರುಸಾಯಿತೆಂದು ಮತ್ತೆ ನೀರು ಹೊಯ್ಯುವವನು ಹೊಸಬ. ಪಳಗಿದವನು ಹಿಡಿ ಉಪ್ಪನ್ನೋ ಸೋಡಾನೀರನ್ನೋ ಹಾಕುತ್ತಾನೆ; ಮುದ್ದೆ ಸಡಿಲಿ ಮತ್ತೆ ಹರಿಯುತ್ತದೆ. ಹದ ನೋಡಲು ಅವನಿಗಿದ್ದ ಸಲಕರಣೆ ಗಾರೆ ಕೆಲಸದವರ ಕರಣೆಯಂಥದೊಂದು ತಗಡು. ಅದರ ಮೇಲೆ ಬಿಸಿ ಸಾಬೂನನ್ನು ತೆಗೆದುಕೊಂಡು, ಓರೆ ಹಿಡಿದು, ಅದು ಹಾಳೆಯಾಗಿ ಜಾರುವ ರೀತಿಯನ್ನು ನೋಡಿಯೇ ನೀರೆಷ್ಟು ಉಪ್ಪೆಷ್ಟು ಎಂಬುದನ್ನು ಹೇಳಿಬಿಡುತ್ತಿದ್ದ. ನೀರು ಹೆಚ್ಚಿದಾಗ ಗಟ್ಟಿ, ಕಡಮೆಯಾದಾಗ ತೆಳು ಎಂಬ ಈ ವಿಪರೀತಕ್ಕೆ ಕಾರಣ ಅವನಿಗೆ ತಿಳಿದಿರಲಿಲ್ಲ. ಅಂದಿನ ಪಂಡಿತರಿಗೂ ತಿಳಿದಿರಲಿಲ್ಲ.

ಮೈಸೂರಿನ ಕೊರಡು ಬಂದರಿನಲ್ಲಿ ನಿಲ್ಲುವುದಕ್ಕೆ ಒಂದು ವರ್ಷ ಮೊದಲು, 1913ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್ ಎಂಬ ಕೆನಡಾ ದೇಶದ ರಸಾಯನಶಾಸ್ತ್ರಜ್ಞ ಸಾಬೂನುನೀರಿನ ವಿಚಾರವಾಗಿ ಒಂದು ಮಾತನ್ನು ಮುಂದಿಟ್ಟ. ಸಾಬೂನುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಅಂದಮೇಲೆ ಅದರಲ್ಲಿ ವಿದ್ಯುದಂಶ ಹೊತ್ತ ಕಣಗಳು ಬೇಕಾದಷ್ಟಿರಬೇಕು. ಆದರೆ ಕರಗಿದ ಕಣಗಳನ್ನು ಎಣಿಸುವ ಬೇರೆ ಉಪಾಯಗಳಿಂದ ನೋಡಿದರೆ, ಇರಬೇಕಾದಷ್ಟು ಕಣಗಳು ಅಲ್ಲಿ ಕಾಣುವುದಿಲ್ಲ. ಮ್ಯಾಕ್‌ಬೇನ್ ಹೇಳಿದ್ದು ಇಷ್ಟೆ: ಸಾಬೂನಿನ ಅಣುಗಳು ನೀರಿನಲ್ಲಿ ಒಂಟಿಯಾಗಿಲ್ಲ, ಗುಂಪುಗೂಡಿವೆ, ಗುಂಪು ಒಂದೇ ಕಣದಂತೆ ಎಣಿಕೆಗೆ ಬರುತ್ತದೆ, ಆದರೆ ಎಲ್ಲರ ವಿದ್ಯುದಂಶವನ್ನೂ ಹೊತ್ತು ನಡೆಯುತ್ತದೆ. ಆ ಗುಂಪಿಗೆ ಅವನು ಬಳಸಿದ ಹೆಸರು ‘ಮೈಸೆಲ್’. ಲ್ಯಾಟಿನ್ನಿನಲ್ಲಿ ಚೂರು, ಕಣ ಎಂಬರ್ಥದ ಶಬ್ದದಿಂದ ಬಂದುದು. ನಮ್ಮೂರಿನ ಹೆಸರಿನೊಡನೆ ಅದಕ್ಕಿರುವ ಅಕ್ಷರಸಾಮ್ಯ ಶುದ್ಧ ಆಕಸ್ಮಿಕ. ಸಭೆಯಲ್ಲಿ ಹಿರಿಯರೊಬ್ಬರು ಇದೆಲ್ಲ ಅಸಂಬದ್ಧವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆಂಬ ಕಥೆ ರಸಾಯನಶಾಸ್ತ್ರಜ್ಞರಲ್ಲಿ ಇಂದಿಗೂ ಓಡಾಡುತ್ತಿದೆ. 1919ರಲ್ಲಿ ಬ್ರಿಸ್ಟಲ್ಲಿನಲ್ಲಿ ಮ್ಯಾಕ್‌ಬೇನನಿಗೆ ದೊರೆತ ಪ್ರಾಧ್ಯಾಪಕ ಪೀಠ ಲಾರ್ಡ್ ಲಿವರ್‌ಹ್ಯೂಮನ ಹೆಸರಿನದು. ಸನ್‌ಲೈಟ್ ಸಾಬೂನಿನ ಒಡೆಯನಾದ ಅವನ ಸರಕು 1888ರಲ್ಲಿಯೇ ಕಲ್ಕತ್ತೆಯ ರೇವಿಗೆ ಬಂದಿಳಿದಿತ್ತು. ನಮ್ಮವರು ಸಾಬೂನಿಗೆ ಕೊಟ್ಟ ಕಾಸಿನ ಒಂದೆರಡು ಚೂರು ಈ ವಿದ್ಯೆಗೂ ಸಂದಿರಬಹುದು!

ಇನ್ನು ಶರಭದ ಮಾತು. ಸಾಬೂನಿನ ಅಣುವೂ ಎರಡು ಸ್ವಭಾವದ ಪ್ರಾಣಿಯೇ. ಅದಕ್ಕೊಂದು ತಲೆ, ನೀರೆಂದರೆ ಪ್ರೀತಿ. ಹನ್ನೆರಡರಿಂದ ಹದಿನೆಂಟು ಇಂಗಾಲದ ಪರಮಾಣುಗಳು ಸಾಲುಗಟ್ಟಿದ ಒಂದು ಬಾಲ, ಅದು ಎಣ್ಣೆಯ ಜಾತಿ, ನೀರಿಗೆ ಒಗ್ಗದು. ನೀರಿಗೆ ಬಿದ್ದ ಇಂಥ ಅಣುಗಳು ಮೊದಲು ಮೇಲ್ಮೈಗೆ ಏರಿ ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಮೇಲ್ಮೈ ತುಂಬಿದ ಮೇಲೆ ಬಂದವಕ್ಕೆ ಬೇರೆ ದಾರಿಯಿಲ್ಲ. ಬಾಲಗಳನ್ನೆಲ್ಲ ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಒಂದಕ್ಕೊಂದು ಆತುಕೊಳ್ಳುತ್ತವೆ. ಇದೇ ಮೈಸೆಲ್. ಬಟ್ಟೆಯ ಜಿಡ್ಡು ಹೋಗಿ ಸೇರುವುದು ಈ ಗುಂಪಿನ ಒಡಲಿಗೆ. ಗುಂಪು ಕಟ್ಟುವುದಕ್ಕೂ ಒಂದು ಮಿತಿಯುಂಟು: ಅಣುಗಳ ಸಾರತೆ ಒಂದು ಮಟ್ಟವನ್ನು ಮುಟ್ಟುವವರೆಗೆ ಎಲ್ಲವೂ ಒಂಟಿ, ಮುಟ್ಟಿದೊಡನೆ, ಸಂತೆ ನೆರೆದಂತೆ, ಗುಂಪುಗಳು ಹುಟ್ಟುತ್ತವೆ. ಆ ಮಟ್ಟವನ್ನು ನಿಶ್ಚಯಿಸುವುದು ಬಾಲದ ಉದ್ದ. ವಿದ್ಯುದಂಶದ ತಲೆಯುಳ್ಳ ಅಣುಗಳಲ್ಲಿ ಬಾಲಕ್ಕೆ ಒಂದು ಇಂಗಾಲ ಹೆಚ್ಚಿದರೆ ಗುಂಪು ಕಟ್ಟಲು ಬೇಕಾದ ಸಾರತೆ ಸುಮಾರು ಅರ್ಧಕ್ಕಿಳಿಯುತ್ತದೆ.

ಸಾಬೂನಿನವರು ಎಣ್ಣೆಗಳನ್ನು ಬೆರೆಸುವುದೆಂದರೆ ಬಾಲಗಳನ್ನು ಆರಿಸುವುದೆಂದೇ ಅರ್ಥ. ತೆಂಗಿನೆಣ್ಣೆಯಲ್ಲಿ ಹನ್ನೆರಡು ಇಂಗಾಲದ ಗಿಡ್ಡ ಬಾಲ ಮಿಗಿಲು. ಅದರ ಸಾಬೂನು ತಣ್ಣೀರಿನಲ್ಲಿಯೂ ಕರಗಿ ನೊರೆ ಕೊಡುತ್ತದೆ. ಹದಿನೆಂಟು ಇಂಗಾಲದ ನೇರ ಬಾಲದ್ದು ಬಿಸಿನೀರಿಲ್ಲದೆ ಕರಗದು. ಹೊಂಗೆಯೆಣ್ಣೆಯಲ್ಲಿ ಹದಿನೆಂಟರ ಬಾಲವೇ ಹೆಚ್ಚಾದರೂ ಅದು ನಡುವೆ ಮಣಿದಿರುವಂಥದು. ಮಣಿದ ಬಾಲಗಳು ಒತ್ತಾಗಿ ಕೂಡಲಾರವು, ಆದುದರಿಂದ ಸಾಬೂನು ಮೃದು. ನಮ್ಮ ಅಜ್ಜಿಯರ ಅಂಟುವಾಳ ಸೀಗೆಕಾಯಿಗಳಲ್ಲಿರುವ ಅಣುವಿನ ರಚನೆಯೇ ಬೇರೆ. ಅಲ್ಲಿ ಬಾಲದ ಬದಲಿಗೆ ಉಂಗುರಗಳು ಬೆಸೆದ ಬಿರುಸಾದ ಹಲಗೆ, ತಲೆಯ ಸ್ಥಾನದಲ್ಲಿ ಸಕ್ಕರೆಗಳ ಸರ. ಈ ಹಲಗೆಗಳು ನೊರೆಗುಳ್ಳೆಯ ಮೇಲೆ ಒತ್ತಾಗಿ ಹಾಸಿಕೊಂಡು ಬಿಗಿಯಾದ ಪೊರೆಯನ್ನು ಕಟ್ಟುವುದರಿಂದಲೇ ಅಂಟುವಾಳದ ನೊರೆ ಬೇಗ ಒಡೆಯುವುದಿಲ್ಲ. ಒಡವೆ ತೊಳೆಯುವ ಅಕ್ಕಸಾಲಿಗರು ಅದನ್ನು ಬಿಡದೆ ಇಟ್ಟುಕೊಂಡಿದ್ದರಲ್ಲಿ ವಿವೇಕವಿತ್ತು.

ಗುಂಪಿನ ಆಕಾರ ಯಾವುದು? ಈ ವಿಷಯದಲ್ಲಿ ಜಗಳ ಬಹುಕಾಲ ನಡೆಯಿತು. ಮ್ಯಾಕ್‌ಬೇನನ ಒಲವು ತಟ್ಟೆತಟ್ಟೆಯಾದ ಪದರಗಳ ಕಡೆಗೆ. ಹಾರ್ಟ್‌ಲಿ ಎಂಬ ಆಂಗ್ಲ ವಿಜ್ಞಾನಿ 1936ರಲ್ಲಿ, ಗುಂಪು ದುಂಡಗಿದೆ, ಅದರ ಒಡಲು ಎಣ್ಣೆಯ ಹನಿಯಂತೆ ದ್ರವವಾಗಿದೆ, ಎಂದು ವಾದಿಸಿದ. ತೆಳು ಸಾಬೂನುನೀರಿನ ಮಟ್ಟಿಗೆ ಹಾರ್ಟ್‌ಲಿಯದೇ ಗೆಲುವು. ಆದರೆ ಸಾಬೂನು ಹೆಚ್ಚಿ ನೀರು ತಗ್ಗಿದಂತೆ ಗುಂಪುಗಳು ಆಕಾರ ಬದಲಿಸುತ್ತವೆ. ದುಂಡು ಗುಂಪುಗಳು ಉದ್ದ ಕೊಳವೆಗಳಾಗಿ, ಕೊಳವೆಗಳು ಒತ್ತೊತ್ತಾಗಿ ನಿಂತು, ಒಂದೊಂದರ ಸುತ್ತಲೂ ಆರಾರು ಇರುವಂತೆ ಕಟ್ಟುಬೀಳುತ್ತವೆ. ಇನ್ನೂ ನೀರು ತಗ್ಗಿದರೆ ಕೊಳವೆಗಳು ಕೂಡಿಕೊಂಡು ಹಾಳೆಗಳಾಗುತ್ತವೆ, ಹಾಳೆಯ ಮೇಲೆ ಹಾಳೆ.

ಕೊಪ್ಪರಿಗೆಯ ಒಗಟು ಇಲ್ಲಿ ಬಿಡಿಸಿಕೊಂಡಿತು. ನಯವಾದ ಬಿಸಿ ಸಾಬೂನೆಂದರೆ ಹಾಳೆಗಳ ಒಟ್ಟಿಲು. ವೀಳ್ಯದೆಲೆಯ ಕಟ್ಟನ್ನು ಸಡಿಲಿಸಿ ತಳ್ಳಿದರೆ ಎಲೆಯ ಮೇಲೆ ಎಲೆ ಜಾರುವಂತೆ ಈ ಹಾಳೆಗಳೂ ಜಾರುತ್ತವೆ. ನೀರು ಕಡಮೆಯಿದ್ದರೂ ಹರಿವುಂಟು. ನೀರು ಹೆಚ್ಚಿದಾಗ ತಲೆತಲೆಗಳ ನಡುವಣ ವಿಕರ್ಷಣೆಗೆ ತಡೆಯಿಲ್ಲದಾಗಿ ಹಾಳೆ ಬಾಗಿ ಕೊಳವೆಯಾಗುತ್ತದೆ. ಕೊಳವೆಗಳ ಕಂತೆ ಬಿಗಿಯಾಗಿ ಕಟ್ಟಿದ ಕಬ್ಬಿನ ಹೊರೆ. ಹೊರೆಯನ್ನು ಅಡ್ಡಡ್ಡ ನೂಕಿ ನೋಡಿ, ಜಲ್ಲೆ ಜರುಗುವುದೆ? ಆ ಬಿರುಸು ಮುದ್ದೆ ಎಂದರೆ ಇದೇ. ಉಪ್ಪು ಹಾಕಿದರೆ ಅದರ ವಿದ್ಯುದಂಶಗಳು ತಲೆಗಳ ಜಗಳವನ್ನು ಮರೆಸುತ್ತವೆ. ತಲೆಗಳು ಹತ್ತಿರ ಸರಿದು ಮತ್ತೆ ಹಾಳೆಯಾಗುತ್ತವೆ. ಪಳಗಿದವನ ಹಿಡಿ ಉಪ್ಪಿನ ಗುಟ್ಟು ಅಷ್ಟೆ. ಈ ಹಂತಗಳ ನಕ್ಷೆಯನ್ನು ಬಹು ಶ್ರಮದಿಂದ ಬರೆದವರಲ್ಲಿ ಮ್ಯಾಕ್‌ಬೇನನೂ ಅವನ ಶಿಷ್ಯರೂ ಮುಖ್ಯರು. ಎಕ್ಸ್-ಕಿರಣಗಳಿಂದ ಕೊಳವೆಯ ಕಟ್ಟನ್ನು ನಿಸ್ಸಂಶಯವಾಗಿ ತೋರಿಸಿದ್ದು 1950ರ ದಶಕದ ಕೊನೆಗೆ, ಫ್ರಾನ್ಸಿನಲ್ಲಿ ಲುಜ಼ಾಟಿ ಮತ್ತು ಸಂಗಡಿಗರು. ಮ್ಯಾಕ್‌ಬೇನ್ ತನ್ನ ಕೊನೆಗಾಲದಲ್ಲಿ ನಮ್ಮ ದೇಶಕ್ಕೇ ಬಂದ. 1950ರಲ್ಲಿ ಉದ್ಘಾಟನೆಯಾದ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯ ಮೊದಲ ನಿರ್ದೇಶಕ ಅವನೇ. 1953ರಲ್ಲಿ ತೀರಿಕೊಂಡ.

ಇಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಿಬಿಡುತ್ತೇನೆ. ಪಂಡಿತನ ನಕ್ಷೆ ಪುಸ್ತಕದಲ್ಲಿ ಉಳಿಯಿತು, ಅವನ ಹೆಸರೂ ಉಳಿಯಿತು. ದಿವಾನರ ಹೆಸರು, ಮಹಾರಾಜರ ಹೆಸರು, ಶಾಸ್ತ್ರಿಗಳ ಹೆಸರು ಉಳಿದಿವೆ, ಉಳಿಯಬೇಕಾದುವೇ. ಆದರೆ ಕರಣೆಯನ್ನು ಓರೆ ಹಿಡಿದು ಹದ ಹೇಳಿದವನ ಹೆಸರನ್ನು, ಬ್ರಿಸ್ಟಲ್ಲಿನಲ್ಲಿಯೇ ಆಗಲಿ ಬೆಂಗಳೂರಿನಲ್ಲಿಯೇ ಆಗಲಿ, ಚರಿತ್ರೆಯ ಪುಟದಲ್ಲಿ ನಾನು ಕಂಡಿಲ್ಲ. ಬಾಗುವಿಕೆಯ ಲೆಕ್ಕವನ್ನು ಅವನು ಕಣ್ಣಿನಿಂದಲೇ ಮಾಡುತ್ತಿದ್ದ. ಅದು ತಪ್ಪಿದ್ದರೆ ಕೊಪ್ಪರಿಗೆಯ ತುಂಬ ಮಾಲು ಮುದ್ದೆಯಾಗಿ ವಾರದ ಕೆಲಸ ನಿಲ್ಲುತ್ತಿತ್ತು. ಸಾಬೂನನ್ನು ನಿರಂತರವಾಗಿ ಹರಿಸುತ್ತ ತಯಾರಿಸುವ ಯಂತ್ರಗಳು ಬಂದ ಮೇಲೆ ಆ ಕಣ್ಣು ಬೇಡವಾಯಿತು. ನಾವು ಪಾಕಪ್ರವೀಣರ ಕೈಗುಣವನ್ನು ಹೊಗಳುತ್ತೇವೆ. ಕಾರ್ಖಾನೆಯ ಕೈಗುಣಕ್ಕೆ ಆ ಹೊಗಳಿಕೆಯನ್ನು ಕೊಡಲು ನಮಗೇಕೋ ಮನಸ್ಸು ಬರುವುದಿಲ್ಲ.

ಮೈಸೂರಿಗೆ ಸಾಬೂನನ್ನು ತಂದ ಆ ಯುದ್ಧವೇ ಜರ್ಮನಿಯಲ್ಲಿ ಸಾಬೂನನ್ನು ಕಸಿದುಕೊಂಡಿತು. ಅಲ್ಲಿ ಎಣ್ಣೆ ಕೊಬ್ಬುಗಳು ತಿನ್ನಲೂ ಸಾಲದೆ ಹೋದುವು. 1917ರಲ್ಲಿ ಬಿಎಎಸ್ಎಫ್ ಕಂಪನಿಯ ಫ್ರಿಟ್ಜ್ ಗ್ಯುಂಥರ್ ಕಲ್ಲಿದ್ದಲ ಟಾರಿನಿಂದ ಬರುವ ಪದಾರ್ಥಗಳಿಂದ ಸಾಬೂನಿನಂಥ ಅಣುವನ್ನು ಕಟ್ಟಿದ; ‘ನೆಕಾಲ್’ ಎಂದು ಅದರ ಹೆಸರು. ತೊಳೆಯುವುದರಲ್ಲಿ ಅದು ಅಂಥ ಸಮರ್ಥವಾಗಿರಲಿಲ್ಲ, ಬಟ್ಟೆಯನ್ನು ಬೇಗ ತೋಯಿಸುತ್ತಿತ್ತು ಅಷ್ಟೆ. ಆದರೂ ಎಣ್ಣೆಯಿಲ್ಲದೆ ಸಾಬೂನು ಸಾಧ್ಯವೆಂಬ ದಾರಿ ತೆರೆಯಿತು. ಈ ಹೊಸ ಅಣುಗಳ ತಲೆಯಲ್ಲಿ ಗಂಧಕವಿದ್ದುದರಿಂದ ಇನ್ನೊಂದು ಅನುಕೂಲ ದೊರೆಯಿತು. ಗಡಸು ನೀರಿನಲ್ಲಿ ಸಾಮಾನ್ಯ ಸಾಬೂನು ಉಜ್ಜಿದರೆ ನೊರೆಯ ಬದಲು ಬಿಳಿಯ ಗಸಿ ಏಳುವುದನ್ನು ಬಾವಿಯ ನೀರಿನಲ್ಲಿ ಒಗೆದವರೆಲ್ಲ ಬಲ್ಲರು. ನೀರಿನ ಕ್ಯಾಲ್ಸಿಯಮ್ ಎರಡು ಅಣುಗಳ ತಲೆಯನ್ನು ಹಿಡಿದು ಒಂದುಗೂಡಿಸುತ್ತದೆ; ತಲೆಯೊಂದು ಬಾಲವೆರಡು ಎಂಬಂತಾದ ಆ ಪ್ರಾಣಿ ನೀರಿನಲ್ಲಿ ನಿಲ್ಲದೆ ಗಸಿಯಾಗುತ್ತದೆ. ಗಂಧಕದ ತಲೆಗೆ ಈ ಪೀಡೆ ಬಹಳ ಕಡಮೆ.

ಬಾಲದ ರಚನೆ ತಂದ ಪೀಡೆ ಮಾತ್ರ ಸಣ್ಣದಲ್ಲ. ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲಿಯಮ್ಮಿನಿಂದ ತಯಾರಾದ ಒಗೆಯುವ ಪುಡಿಗಳಲ್ಲಿ ಬಾಲ ನೇರವಾಗಿರಲಿಲ್ಲ, ಜಾಲಿಯ ಕೊಂಬೆಯಂತೆ ಕವಲೊಡೆದಿತ್ತು. ತೊಳೆಯುವ ಕೆಲಸಕ್ಕೆ ಅದರಿಂದ ಕುಂದಿಲ್ಲ. ಆದರೆ ಚರಂಡಿಯ ಬ್ಯಾಕ್ಟೀರಿಯಗಳು ಬಾಲವನ್ನು ತುದಿಯಿಂದ ಕಡಿಯುತ್ತ ಬರುವಂಥವು. ಕವಲು ಬಂದಲ್ಲಿ ಅವು ನಿಂತುಬಿಡುತ್ತವೆ. 1950ರ ದಶಕದಲ್ಲಿ ಇಂಗ್ಲೆಂಡ್ ಜರ್ಮನಿಗಳ ಹೊಳೆಗಳ ಮೇಲೆ ನೊರೆಯ ಗುಡ್ಡೆಗಳೆದ್ದುವು. ಜರ್ಮನಿ 1961ರಲ್ಲಿ ಕಾನೂನು ಮಾಡಿತು, 1964ರಿಂದ ಅದು ಜಾರಿಗೆ ಬಂದಿತು. ಅಮೆರಿಕದ ಕಂಪನಿಗಳು 1965ರಲ್ಲಿ ನೇರ ಬಾಲಕ್ಕೆ ಬದಲಾಯಿಸಿದುವು. ನೇರ ಬಾಲವನ್ನಾದರೂ ಬ್ಯಾಕ್ಟೀರಿಯಗಳು ತಿನ್ನಬೇಕಾದರೆ ಗಾಳಿ ಬೇಕು, ಕಾಲ ಬೇಕು. ಶುದ್ಧೀಕರಿಸದ ಚರಂಡಿ ನೀರು ನೇರವಾಗಿ ಕೆರೆಗೆ ಹೋದರೆ ಎರಡೂ ಸಿಕ್ಕುವುದಿಲ್ಲ; 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆದ್ದು ರಸ್ತೆಯಲ್ಲಿ ಹೋಗುವವರ ಮೈಮೇಲೆ ಬಿದ್ದುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು.

ಅಣುವಿನ ಆಕಾರಕ್ಕೂ ಗುಂಪಿನ ಆಕಾರಕ್ಕೂ ಇರುವ ನಂಟನ್ನು ಒಂದೇ ಭಿನ್ನರಾಶಿಯಲ್ಲಿ ಹಿಡಿದಿಟ್ಟವರು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿದ್ದ ಇಸ್ರೇಲಾಚ್ವಿಲಿ, ಮಿಚೆಲ್, ನಿನ್‌ಹ್ಯಾಮ್ ಎಂಬ ಮೂವರು, 1976ರಲ್ಲಿ. ಬಾಲದ ಗಾತ್ರವನ್ನು, ತಲೆ ಆಕ್ರಮಿಸುವ ವಿಸ್ತೀರ್ಣ ಮತ್ತು ಬಾಲದ ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಿರಿ. ಬಂದುದು ಮೂರನೆಯ ಒಂದಕ್ಕಿಂತ ಕಡಮೆಯಾದರೆ ಅಣು ಶಂಕುವಿನಂತಿದೆ, ಗುಂಪು ದುಂಡು. ಮೂರನೆಯ ಒಂದಕ್ಕೂ ಅರ್ಧಕ್ಕೂ ನಡುವೆಯಾದರೆ ಕೊಳವೆ. ಅರ್ಧವನ್ನು ಮೀರಿದರೆ ಹಾಳೆ. ನಮ್ಮ ಜೀವಕೋಶದ ಪೊರೆಯ ಅಣುಗಳಿಗೆ ಬಾಲವೆರಡು. ಅವು ಹಾಳೆಯಾಗದೆ ವಿಧಿಯಿಲ್ಲ, ಆದುದರಿಂದಲೇ ಜೀವಕೋಶಕ್ಕೆ ಗೋಡೆಯುಂಟು. ಇಷ್ಟು ದೊಡ್ಡ ವಿಷಯ ಇಷ್ಟು ಸಣ್ಣ ಲೆಕ್ಕಕ್ಕೆ ಸಿಕ್ಕುವುದು ವಿಜ್ಞಾನದಲ್ಲಿಯೂ ಅಪರೂಪ.

ಮೈಸೂರಿಗೂ ಈ ವಿದ್ಯೆಗೂ ಇನ್ನೊಂದು ಹತ್ತಿರದ ಸಂಬಂಧವುಂಟು. ಸಾಬೂನಿನ ಹಾಳೆ ಕೊಳವೆಗಳು ದ್ರವಸ್ಫಟಿಕಗಳೆಂಬ ವರ್ಗಕ್ಕೆ ಸೇರಿದುವು; ಹರಿವು ದ್ರವದ್ದು, ಒಳಗಣ ಕ್ರಮ ಸ್ಫಟಿಕದ್ದು. ದ್ರವಸ್ಫಟಿಕಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧರಾದ ಎಸ್. ಚಂದ್ರಶೇಖರ್ ಅವರು 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಬಳಿಕ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಹೋಗಿ, 1977ರಲ್ಲಿ ಸದಾಶಿವ ಮತ್ತು ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳಿಂದಾದ ಹೊಸ ಬಗೆಯ ದ್ರವಸ್ಫಟಿಕವನ್ನು ಕಂಡುಹಿಡಿದರು. ಆ ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಕಂಬದ ಸುತ್ತ ಆರು ಕಂಬ. ಅಲ್ಲಿ ನೀರಿಲ್ಲ, ಸಾಬೂನಿಲ್ಲ. ಆದರೂ ಕೊಪ್ಪರಿಗೆಯ ಬಿರುಸು ಮುದ್ದೆಯ ಏರ್ಪಾಡೇ ಬೇರೊಂದು ದಾರಿಯಿಂದ ಬಂದು ನಿಂತಿದೆ.

ಕೊನೆಯದಾಗಿ, ಇಂದು ಮನೆಮನೆಗೂ ಬಂದಿರುವ ಶಾಂಪೂವಿನ ಮಾತು. ಅದನ್ನು ದಪ್ಪಗೆ ಮಾಡಲು ತಯಾರಕರು ಸಾಮಾನ್ಯವಾಗಿ ಹಾಕುವುದು ನಮ್ಮ ಅಡುಗೆಯ ಉಪ್ಪೇ. ತೆಳು ದ್ರಾವಣದಲ್ಲಿ ದುಂಡು ಗುಂಪುಗಳಿರುವವರೆಗೆ ಹರಿವು ಹೆಚ್ಚುಕಡಮೆ ನೀರಿನದೇ. ಉಪ್ಪು ಬಿದ್ದು ತಲೆಗಳು ಹತ್ತಿರವಾದಾಗ ಗುಂಪು ನೀಳವಾಗಿ, ಶಾವಿಗೆಯಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ದ್ರವ ದಪ್ಪವಾಗುತ್ತದೆ. ಉಪ್ಪು ಅತಿಯಾದರೆ ಮತ್ತೆ ತೆಳು. ಈ ಶಾವಿಗೆಗೂ ನಮ್ಮ ಶಾವಿಗೆಗೂ ಒಂದು ವ್ಯತ್ಯಾಸವಿದೆ: ಇದು ಕ್ಷಣಕ್ಷಣಕ್ಕೂ ಅಲ್ಲಲ್ಲಿ ಮುರಿದು ಮತ್ತೆ ಕೂಡಿಕೊಳ್ಳುತ್ತದೆ. ಇಂಥ ಕೆಲವು ದ್ರವಗಳನ್ನು ಪಾತ್ರೆಯಲ್ಲಿ ಗಿರ್ರನೆ ತಿರುಗಿಸಿ ತಟ್ಟನೆ ನಿಲ್ಲಿಸಿದರೆ ಒಳಗಿನ ಗಾಳಿಗುಳ್ಳೆಗಳು ಒಂದಿಷ್ಟು ದೂರ ಹಿಂದಕ್ಕೆ ತಿರುಗುವುದನ್ನು ಬರಿಗಣ್ಣಿನಿಂದ ಕಾಣಬಹುದು. ಹರಿಯುವ ವಸ್ತುವಿಗೆ ರಬ್ಬರಿನ ಗುಣ ಬಂದಿದೆ. ಮುರಿದು ಕೂಡುವ ಈ ಎಳೆಗಳ ಹರಿವಿಗೆ ಸಿದ್ಧಾಂತವನ್ನು 1987ರಲ್ಲಿ ಕೊಟ್ಟವನು ಮೈಕೇಲ್ ಕೇಟ್ಸ್.

2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಂಜಿನಿ ಬಂದೋಪಾಧ್ಯಾಯ, ಗೀತಾ ಬಸಪ್ಪ ಮತ್ತು ಎ. ಕೆ. ಸೂದ್ ಅವರು ಇಂಥದೇ ಒಂದು ತೆಳು ದ್ರಾವಣವನ್ನು ಒಂದೇ ವೇಗದಲ್ಲಿ, ಎಳ್ಳಷ್ಟೂ ವ್ಯತ್ಯಾಸವಾಗದಂತೆ, ತಿ‌ರುಗಿಸುತ್ತ ಅದು ಒಡ್ಡುವ ಪ್ರತಿರೋಧವನ್ನು ಅಳೆದರು. ವೇಗ ಸ್ಥಿರವಾದರೆ ಪ್ರತಿರೋಧವೂ ಸ್ವಲ್ಪ ಹೊತ್ತಿನಲ್ಲಿ ಸ್ಥಿರವಾಗಬೇಕು. ನೀರಿನಲ್ಲಿ, ಎಣ್ಣೆಯಲ್ಲಿ ಆಗುವುದು ಹಾಗೆ. ಇಲ್ಲಿ ಆಗಲಿಲ್ಲ. ಒಂದು ವೇಗವನ್ನು ಮೀರಿದ ಮೇಲೆ ಪ್ರತಿರೋಧ ಏರುತ್ತ ಇಳಿಯುತ್ತ, ಎಷ್ಟು ಹೊತ್ತು ಕಾದರೂ ನೆಲೆಗೆ ನಿಲ್ಲದೆ, ಮುಂದಿನ ಏರಿಳಿತವನ್ನು ಹಿಂದಿನದರಿಂದ ಬಹುಕಾಲ ಮುಂದಕ್ಕೆ ಊಹಿಸಲಾಗದಂತೆ ಹೊಯ್ದಾಡಿತು. ಎಳೆಗಳು ಹರಿವಿನ ದಿಕ್ಕಿಗೆ ಸಾಲುಗೊಳ್ಳುತ್ತವೆ. ಸಾಲುಗೊಂಡ ಎಳೆಗಳು ಹರಿವನ್ನೇ ಬದಲಿಸುತ್ತವೆ. ಬದಲಾದ ಹರಿವು ಎಳೆಗಳನ್ನು ಮತ್ತೆ ಮುರಿಯುತ್ತದೆ. ಇದು ಅಂಕೆಯಿಲ್ಲದ ಗೊಂದಲವಲ್ಲ, ನಿಯಮಕ್ಕೆ ಒಳಪಟ್ಟೇ ಊಹೆಗೆ ಸಿಕ್ಕದ ಚಲನೆಯೆಂದು ಅವರು ಅಳತೆಗಳಿಂದ ತೋರಿಸಿದರು. ಯಂತ್ರದ ವೇಗವನ್ನು ಆ ಮಿತಿಗಿಂತ ಕೆಳಗಿಳಿಸಿದಾಗ ಹೊಯ್ದಾಟವಿಲ್ಲ.